ಹುಲಿ ನಡೆಯುವ ಗೆರೆ

ಬೆಳಗ್ಗೆ ಆರೂಕಾಲು. ಹೊಳಲ್ಕೆರೆ ಹತ್ತಿರದ ಒಂದು ಹಳ್ಳಿಯ ಬೇವಿನಕಟ್ಟೆ ಮೇಲೆ ಸನೋಬರ್ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಮೋಟು ಪೊರಕೆ, ಪಕ್ಕದಲ್ಲಿ ನೀರಿನ ಬಾಟಲಿ. ಹಾಸುಗಲ್ಲಿನ ಮೇಲಿನ ಧೂಳು, ಒಣಗಿದ ಎಲೆ, ಬೇವಿನ ಬೀಜ ಎಲ್ಲವನ್ನೂ ಗುಡಿಸಿ, ಒಂದಿಷ್ಟು ನೀರು ಚಿಮುಕಿಸಿ, ತಲೆ ಎತ್ತಿ ಪೂರ್ವದ ಕಡೆ ನೋಡುತ್ತಾರೆ. "ಬರ್ತಾನೆ ಅಕ್ಕ, ಇನ್ನೊಂದೈದು ನಿಮಿಷ ತಡ್ಕಳ್ರಿ" ಅನ್ನುತ್ತಾರೆ. ಬರಬೇಕಾದವನು ಸೂರ್ಯ. ಇವರ ಬಗ್ಗೆ ಬರೆಯಲು ಬಂದ ನನ್ನನ್ನು ನಾಲ್ಕೂವರೆಗೇ ಎಬ್ಬಿಸಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಚಿತ್ರದುರ್ಗದಿಂದ ಚಳಿಗಾಳಿಯಲ್ಲಿ ಮೂವತ್ತೈದು ಕಿಲೋಮೀಟರ್ ಕರೆತಂದಿದ್ದಾರೆ. ನನಗೆ ಇವರ ಮೇಲೂ ಸಿಟ್ಟು, ಸೂರ್ಯನ ಮೇಲೂ ಸಿಟ್ಟು.

ಬಿಸಿಲು ಬಂತು. ಅಡ್ಡಡ್ಡ, ನೆಲ ಸವರಿಕೊಂಡೇ ಬಂತು. ಅಲ್ಲೀವರೆಗೂ ಬರೀ ಕಲ್ಲಾಗಿದ್ದ ಕಲ್ಲಿನ ಮೇಲೆ ಒಂದೊಂದೇ ಗೆರೆ ಎದ್ದಿತು. ಮೇಲೊಂದು ಮೊನೆ, ಅಲ್ಲಿಂದ ಕೆಳಗಿಳಿದ ಗೆರೆಗಳು, ಅವನ್ನು ಕತ್ತರಿಸುವ ಅಡ್ಡಗೆರೆಗಳು. ಹುಲಿ-ಕುರಿ ಆಟದ ಮನೆ. ನೋಡಿ ನನ್ನ ಆಕಳಿಕೆ ನಿಂತಿತು, ಸುಳ್ಳು ಹೇಳುವುದಿಲ್ಲ. ಹತ್ತು ನಿಮಿಷದೊಳಗೆ ಸನೋಬರ್ ಮೊಬೈಲಿನಲ್ಲಿ ನಲವತ್ತು ಫೋಟೋ ತೆಗೆದು ಮುಗಿಸಿದರು. ಬಿಸಿಲು ನೆತ್ತಿಗೇರಿದರೆ ಗೆರೆಗಳು ಮತ್ತೆ ಕಲ್ಲಿನೊಳಗೆ ಹೋಗಿಬಿಡುತ್ತವೆ.

ಅಷ್ಟರಲ್ಲಿ ಕೊಡ ಹಿಡಿದು ಬಂದ ರಂಗಕ್ಕ ಎಂಬ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನ್ರಮ್ಮಾ, ಕಲ್ಲು ಎತ್ಕಂಡು ಹೋಗಾಕೆ ಬಂದೀರೇನು?" ಸನೋಬರ್ ನಕ್ಕು, ಚೀಲದಿಂದ ಹುಣಸೆಬೀಜ ತೆಗೆದು ಕಲ್ಲಿನ ಮೇಲೆ ಹರಡಿದರು. "ಇಲ್ಲ ಕಣಕ್ಕ. ಬರ್ರಿ, ಕುಂತ್ಕಳ್ರಿ, ಒಂದಾಟ ಆಡಾಣ. ನಿಮ್ಮೂರಾಗೆ ಯಾವ್ಯಾವ ಗೆರೆ ಮ್ಯಾಲೆ ಹುಲಿ ನಡಿತೈತೆ, ತೋರ್ಸ್ರಿ." ರಂಗಕ್ಕ ಕೊಡ ಕೆಳಗಿಟ್ಟರು. ಮುಂದಿನ ಮುಕ್ಕಾಲು ಗಂಟೆ ಆ ಕೊಡಕ್ಕೆ ನೀರು ಬೀಳಲಿಲ್ಲ.

ಸನೋಬರ್‌ಗೆ ಮೂವತ್ತನಾಲ್ಕು ವರ್ಷ. ವೃತ್ತಿಯಲ್ಲಿ ಸಾಫ್ಟ್‌ವೇರ್ ಡೆವಲಪರ್. ಚಿತ್ರದುರ್ಗದ ಪೇಟೆಯಲ್ಲಿ ಅವರ ತಂದೆ ಹಜರತ್ ಅಲಿಯವರದು ಫೋಟೋಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆ ಪಟ, ತೀರಿಕೊಂಡ ಹಿರಿಯರ ಪಟ, ಊರಿನ ಅರ್ಧ ಗೋಡೆಗಳ ಮೇಲೆ ನೇತಾಡುವುದು ಇವರು ಹಾಕಿದ ಕಟ್ಟುಗಳೇ. ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಮೇಜು, ಒಂದು ಹಳೇ ಕಂಪ್ಯೂಟರ್, ಕಿಟಕಿಯಾಚೆ ಕೋಟೆಯ ಬಂಡೆ. ಸನೋಬರ್ ಕೆಲಸ ಮಾಡುವುದು ಅಲ್ಲಿ. ಎರಡು ಶಾಲೆಗಳ ಹಾಜರಿ, ಲಾರಿ ತೂಕ ಮಾಡುವ ಒಂದು ವೇಬ್ರಿಡ್ಜಿನ ಚೀಟಿ, ಒಂದು ಸಿಮೆಂಟ್ ಅಂಗಡಿಯ ಬಿಲ್ಲು, ಇವೆಲ್ಲ ನಡೆಯುವುದು ಇವರು ಬರೆದ ಸಾಫ್ಟ್‌ವೇರಿನಿಂದ. ಆ ಶಾಲೆಗಳ ಮೇಷ್ಟ್ರುಗಳಿಗೆ ಇವರ ಹೆಸರು ಗೊತ್ತಿಲ್ಲ. "ನಡೀತಾ ಇದ್ರೆ ಯಾರು ಕೇಳ್ತಾರಕ್ಕ? ಕೆಟ್ಟಾಗ ಮಾತ್ರ ಫೋನ್ ಬರ್ತೈತೆ" ಎನ್ನುತ್ತಾರೆ. ಬೇಜಾರಿನಿಂದ ಹೇಳಿದ್ದಲ್ಲ, ಚಹಾ ಸೋಸುತ್ತ ಹೇಳಿದ್ದು.

ಕಲ್ಲಿನ ಹುಚ್ಚು ಹತ್ತಿದ್ದು ಬೃಂದಾ ಅವರಿಂದ. ಕಾಲೇಜಿನಲ್ಲಿ ಒಟ್ಟಿಗೆ ಓದಿದವರು, ಈಗ ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ಒಂದು ಗ್ರಂಥಾಲಯ ನೋಡಿಕೊಳ್ಳುತ್ತಾರೆ. ಅಲ್ಲಿಗೆ ನಾಲ್ಕು ಟ್ಯಾಬ್ ಬಂದಿದ್ದವು. ಮಕ್ಕಳು ಅದರಲ್ಲಿ ಎಲ್ಲೆಲ್ಲಿಯದೋ ದೇಶದ ಬಂದೂಕಿನ ಆಟ ಆಡುತ್ತ ಕೂರುತ್ತಿದ್ದರು. "ನಮ್ಮ ಕಟ್ಟೆ ಮೇಲಿನ ಆಟಾನೇ ಇದರಾಗೆ ಹಾಕಿಕೊಡೇ" ಅಂತ ಬೃಂದಾ ಕೇಳಿದರು. ಒಂದು ವಾರದ ಕೆಲಸ ಅಂದುಕೊಂಡು ಸನೋಬರ್ ಒಪ್ಪಿದರು. ಮೂರು ವರ್ಷವಾಯಿತು. ಒಂದೊಂದೂರಿನ ಕಲ್ಲು ಒಂದೊಂದು ಥರ ಅಂತ ಆಗ ಯಾರಿಗೆ ಗೊತ್ತಿತ್ತು?

ಇವತ್ತಿನದೂ ಸೇರಿ ನಲವತ್ತೆರಡು ಕಲ್ಲು. ವಾರಕ್ಕೆ ಎರಡು ಬೆಳಗ್ಗೆ ಕಲ್ಲಿಗೆ, ಮಿಕ್ಕ ಹೊತ್ತೆಲ್ಲ ಹೊಟ್ಟೆಪಾಡಿಗೆ. ನಸುಕಿನ ಫಜರ್ ನಮಾಜು ಮುಗಿಸಿ ಹೊರಟರೆ ಒಂಬತ್ತಕ್ಕೆ ವಾಪಸು, ಹತ್ತಕ್ಕೆ ಕಂಪ್ಯೂಟರ್ ಮುಂದೆ. ಕಷ್ಟಗಳಿಲ್ಲ ಅಂತಲ್ಲ. ಹೊತ್ತು ಹುಟ್ಟುವ ಮುಂಚೆ ಹಳೇ ಕಲ್ಲಿನ ಹತ್ತಿರ ಯಾರಾದರೂ ಗುಡಿಸುತ್ತ ಕೂತರೆ ನಮ್ಮ ಸೀಮೆಯ ಜನಕ್ಕೆ ಹೊಳೆಯುವುದು ಒಂದೇ, ನಿಧಿ. ಹೊಸದುರ್ಗದ ಕಡೆ ಒಂದೂರಲ್ಲಿ ಹದಿನೈದಿಪ್ಪತ್ತು ಜನ ಸುತ್ತುವರಿದು, ಸ್ಕೂಟರ್ ಕೀ ಕಸಿದುಕೊಂಡು, ನಿಂಬೆಹಣ್ಣು ಇದೆಯಾ ಅಂತ ಚೀಲ ತಡಕಿದ್ದರಂತೆ. ಸಿಕ್ಕಿದ್ದು ಹುಣಸೆಬೀಜ. "ಆಡಿ ತೋರ್ಸು ಅಂದ್ರು, ಆಡಿದೆ. ಸೋತೆ. ಸೋತ ಮ್ಯಾಲೆ ನಂಬಿದ್ರು. ಉಪ್ಪಿಟ್ಟು ತಿನ್ಸಿ ಕಳ್ಸಿದ್ರು" ಎಂದು ಸನೋಬರ್ ಈಗ ನಗುತ್ತಾರೆ. 

ಇನ್ನು ಕೋಣೆಯೊಳಗಿನ ಕಷ್ಟ. ಅದು ನನಗೆ ಅರ್ಥವಾಗಲು ಎರಡು ಲೋಟ ಚಹಾ ಹಿಡಿಯಿತು. ಕಲ್ಲನ್ನು ಟ್ಯಾಬಿನೊಳಗೆ ತರಲು ಎರಡು ದಾರಿಯಂತೆ. ಒಂದು, ಕಲ್ಲಿನ ಫೋಟೋವನ್ನೇ ಚರ್ಮದ ಹಾಗೆ ಹೊದಿಸುವುದು, ಅದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ. ಇನ್ನೊಂದು, ಫೋಟೋ ಬಿಟ್ಟು ಬರೀ ಗೆರೆಗಳನ್ನು ಲೆಕ್ಕ ಹಾಕಿ ಎಳೆಸುವುದು, ಅದು ವೆಕ್ಟರ್. ನಾನು ಪಿಳಿಪಿಳಿ ನೋಡುತ್ತಿದ್ದೆ. "ಅಕ್ಕ, ನಿಮ್ಮ ಮನೆ ಮುಂದಿನ ರಂಗೋಲಿನ ಫೋಟೋ ತೆಗೆದು ತಂಗಿಗೆ ಕಳಿಸೋದು ಒಂದು. ಹನ್ನೊಂದು ಚುಕ್ಕಿ, ಹನ್ನೊಂದು ಸಾಲು, ಹಿಂಗ್ ಹಿಂಗ್ ಸೇರ್ಸು ಅಂತ ಬರೆದು ಕಳಿಸೋದು ಇನ್ನೊಂದು. ಫೋಟೋ ದೊಡ್ಡದು ಮಾಡಿದ್ರೆ ಮಸುಕಾಗ್ತೈತೆ. ಚುಕ್ಕಿ ಲೆಕ್ಕ ಹೇಳಿದ್ರೆ ಅಂಗೈಯಗಲಾನೂ ಹಾಕ್ಬಹುದು, ಬೀದಿ ಅಗಲಾನೂ ಹಾಕ್ಬಹುದು." ಇಷ್ಟು ಹೇಳಿದ ಮೇಲೆ ಅರ್ಥವಾಗದೇ ಇರಲು ನಾನೇನು ಕಲ್ಲೇ?

ಮೊದಲು ಸನೋಬರ್ ಫೋಟೋ ದಾರಿ ಹಿಡಿದರು. ಚೆಂದ ಬಂತು, ಬೆರಳಿಗೆ ಕಲ್ಲಿನ ತರಿ ಸಿಕ್ಕೀತು ಅನ್ನುವಷ್ಟು. ಆದರೆ ಒಂದೊಂದು ಕಲ್ಲಿಗೆ ಮೂರು ಎಂಬಿ. ಶ್ರೀರಾಂಪುರದ ಆ ಟ್ಯಾಬುಗಳು ಅದನ್ನು ತೆರೆಯುವಷ್ಟರಲ್ಲಿ ಮಕ್ಕಳು ಎದ್ದು ಹೋಗುತ್ತಿದ್ದರು. ಕೂತವರೂ ಕಲ್ಲಿನ ಗೀರು, ಪಾಚಿ, ನೀರಿಳಿದ ಕಲೆ ಎಲ್ಲವನ್ನೂ ದಾರಿ ಅಂದುಕೊಂಡು ಕುರಿ ಓಡಿಸುತ್ತಿದ್ದರು. ಆಗ ಇವರು ವೆಕ್ಟರ್‌ಗೆ ಹೊರಳಿದರು. ನಲವತ್ತು ಕಲ್ಲಿಗೂ ಸೇರಿ ಕಾಲು ಎಂಬಿ ಆಗಲಿಲ್ಲ. ಮುಟ್ಟುವ ಮುಂಚೆ ತೆರೆಯುತ್ತಿತ್ತು. ನೇರ ಗೆರೆ, ದುಂಡನೆ ಚುಕ್ಕಿ, ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛ. ಬೃಂದಾ ಖುಷಿಯಾದರು. ಸನೋಬರ್ ಇನ್ನೂ ಖುಷಿಯಾದರು.

ಖುಷಿ ಐಮಂಗಲಕ್ಕೆ ಮತ್ತೆ ಹೋಗುವವರೆಗೆ ಉಳಿಯಿತು.

ಹಿರಿಯೂರು ತಾಲ್ಲೂಕಿನ ಐಮಂಗಲದಲ್ಲಿ ದೊಡ್ಡತಿಮ್ಮಪ್ಪ ಎಂಬ ಹಿರಿಯರಿದ್ದಾರೆ. ಎಪ್ಪತ್ಮೂರು ವರ್ಷ. ಜೀವಮಾನವೆಲ್ಲ ಕುರಿ ಕಾದವರು, ಆಟದಲ್ಲಿ ಮಾತ್ರ ಹುಲಿಯೇ ಬೇಕು. ಎದುರಾಳಿ ಉಗ್ರಪ್ಪ, ಹೆದ್ದಾರಿ ಪಕ್ಕ ಚಹಾ ಅಂಗಡಿಯವರು. ಇವರು ಎಂದಿಗೂ ಕುರಿ. ಐವತ್ತು ವರ್ಷದಿಂದ ಒಂದೇ ಕಟ್ಟೆ, ಒಂದೇ ಕಲ್ಲು, ಅದೇ ಜಗಳ. ಆ ಕಲ್ಲನ್ನು ಸನೋಬರ್ ಎರಡು ವರ್ಷದ ಹಿಂದೆಯೇ ಫೋಟೋ ತೆಗೆದು, ಗೆರೆಯೆಳೆದು ಮುಗಿಸಿದ್ದರು. ಅವರ ಪಟ್ಟಿಯಲ್ಲಿ ಅದು ಏಳನೇ ನಂಬರು.

ಹೋದ ವರ್ಷ ಆ ಕಟ್ಟೆಗೆ ಗ್ರಾನೈಟ್ ಹಾಸುವುದೆಂದು ತೀರ್ಮಾನವಾಯಿತು. ದೊಡ್ಡತಿಮ್ಮಪ್ಪ ಮೇಸ್ತ್ರಿಯ ಹಿಂದೆ ಬಿದ್ದು, ಹಳೇ ಕಲ್ಲನ್ನು ನಡುವೆ ಕೂರಿಸಲು ಒಪ್ಪಿಸಿದ್ದರು. ಒಂದೇ ತುಂಡಾಗಿ ಎದ್ದು ಬಂದರೆ ಕೂರಿಸ್ತೀನಿ ಅಂದಿದ್ದ ಮೇಸ್ತ್ರಿ. ಹಾರೆ ಹಾಕಿ ಎಬ್ಬಿಸಿದಾಗ ಕಲ್ಲು ಎರಡು ಹೋಳಾಯಿತು. ಯಾರದೂ ತಪ್ಪಲ್ಲ. ಕಲ್ಲಿನಲ್ಲಿ ಮೊದಲೇ ಒಂದು ಸೀಳಿತ್ತು, ಅಲ್ಲೇ ಬಿಟ್ಟುಕೊಂಡಿತು. ದೊಡ್ಡತಿಮ್ಮಪ್ಪ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ ಎನ್ನುತ್ತಾರೆ ಉಗ್ರಪ್ಪ. "ನಾನೂ ಅಂಗಡಿ ತೆಗೀಲಿಲ್ಲ. ಅದನ್ನ ಅವನಿಗೆ ಹೇಳ್ಬ್ಯಾಡ್ರಿ."

ಸುದ್ದಿ ತಿಳಿದು ಸನೋಬರ್ ಟ್ಯಾಬು ಹಿಡಿದು ಓಡಿದರು. ಕಲ್ಲು ಹೋದರೇನು, ಆಟ ನನ್ನ ಹತ್ತಿರ ಭದ್ರವಾಗಿದೆ ಅನ್ನುವ ಹೆಮ್ಮೆ ಬೇರೆ. ಅಂಗಡಿಯ ಬೆಂಚಿನ ಮೇಲೆ ಇಬ್ಬರು ಹಿರಿಯರೂ ಕೂತರು. ಉಗ್ರಪ್ಪ ಕುರಿ ಇಡುತ್ತ ಹೋದರು. ಹದಿನೈದು ಮುಗಿದ ಮೇಲೆ, "ಇನ್ನೊಂದು ಕುರಿ ಎಲ್ಲಮ್ಮಾ?" ಅಂದರು. ಎಲ್ಲ ಕಡೆ ಹದಿನೈದೇ ತಾತ, ನೀವು ಲೆಕ್ಕ ತಪ್ಪಿ ಹದಿನಾರು ಇಟ್ಕಳ್ತಿದ್ರಿ, ನಾನು ಸರಿ ಮಾಡೀನಿ ಅಂದರು ಸನೋಬರ್. ಆಟ ನಡೆಯಿತು. ದೊಡ್ಡತಿಮ್ಮಪ್ಪನ ಹುಲಿ ಎಡಮೂಲೆಗೆ ಸಿಕ್ಕಿಕೊಂಡಿತು. ಅವರು ಬೆರಳಿಂದ ಹುಲಿಯನ್ನು ಓರೆಯಾಗಿ ಮೇಲಕ್ಕೆ ತಳ್ಳಿದರು. ಹುಲಿ ಹೋಗಲಿಲ್ಲ. ಮತ್ತೆ ತಳ್ಳಿದರು. ಮೂರನೇ ಸಲ ಟ್ಯಾಬನ್ನು ಮೆಲ್ಲಗೆ ಸನೋಬರ್ ಕಡೆ ಸರಿಸಿ, "ಬಾಳ ಚೆಂದ ಐತೆ ತಾಯಿ. ಆದ್ರೆ ಇದು ನಮ್ಮ ಕಲ್ಲಲ್ಲ" ಅಂದು ಎದ್ದುಬಿಟ್ಟರು.

"ಬೈದಿದ್ರೆ ತಡ್ಕಂತಿದ್ದೆ. ಚೆಂದ ಐತೆ ಅಂದ್ರಲ್ಲ, ಅದು ತಡಿಯಾಕಾಗಲಿಲ್ಲ" ಎನ್ನುತ್ತಾರೆ ಸನೋಬರ್. ಆವತ್ತು ಆ ಬೆಂಚಿನ ಮೇಲೇ ಕೂತು ಅತ್ತರಂತೆ. ಉಗ್ರಪ್ಪ ಒಂದು ಲೋಟ ಚಹಾ ಕೊಟ್ಟು, ಕಥೆ ಹೇಳಿದರು.

ದೊಡ್ಡತಿಮ್ಮಪ್ಪನ ಅಪ್ಪನ ಕಾಲದಲ್ಲಿ ಒಂದು ವರ್ಷ ಕಾಮನ ಹಬ್ಬದ ಬೆಂಕಿಯನ್ನು ಕಟ್ಟೆಯ ಮೇಲೇ ಹಾಕಿದ್ದರಂತೆ. ಕಲ್ಲು ಕಾದು ಎಡಮೂಲೆಯಿಂದ ನಡುಸಾಲಿನ ಬಲತುದಿಯವರೆಗೆ ಸೊಟ್ಟಗೆ ಸೀಳಿತು. ಗೆರೆ ಅಂದ ಮೇಲೆ ಗೆರೆ, ಮನುಷ್ಯ ಎಳೆದರೇನು ಬೆಂಕಿ ಎಳೆದರೇನು, ನನ್ನ ಹುಲಿ ನಡಿತೈತೆ ಅಂತ ದೊಡ್ಡತಿಮ್ಮಪ್ಪನ ಅಪ್ಪನ ವಾದ. ನಡೀಲಿ, ಹಂಗಾದ್ರೆ ನನಗೆ ಇನ್ನೊಂದು ಕುರಿ ಕೊಡು ಅಂತ ಉಗ್ರಪ್ಪನ ಅಪ್ಪ. ಊರು ಕೂತು ನ್ಯಾಯ ಹೇಳಿತು. ಸೀಳಿನಲ್ಲಿ ಹುಲಿ ಓಡಬಹುದು, ಕುರಿ ಓಡುವ ಹಾಗಿಲ್ಲ. ಬದಲಿಗೆ ಕುರಿ ಹದಿನಾರು. ಅಲ್ಲಿಂದಾಚೆ ಐಮಂಗಲದ ಆ ಕಟ್ಟೆಯ ಆಟ ಹಾಗೇ.

ಸನೋಬರ್ ಮನೆಗೆ ಬಂದು ಆ ಕಲ್ಲಿನ ಹಳೇ ಫೋಟೋಗಳನ್ನು ತೆರೆದರು. ಸೀಳು ಇತ್ತು. ಎಲ್ಲ ಫೋಟೋದಲ್ಲೂ ಇತ್ತು. ಗೆರೆ ಎಳೆಯುವಾಗ ಕಲೆ ಅಂತ ತಾವೇ ಬಿಟ್ಟಿದ್ದರು. "ಫೋಟೋ ಎಲ್ಲಾನೂ ನೆನಪಿಟ್ಕಂಡಿರ್ತೈತೆ, ಯಾವುದು ಮುಖ್ಯ ಅಂತ ಅದಕ್ಕೆ ಗೊತ್ತಿಲ್ಲ. ವೆಕ್ಟರ್ ಏನಿದ್ರೂ ನಾನು ಹೇಳಿದಷ್ಟೇ. ನನಗೇ ಗೊತ್ತಿಲ್ಲ ಅಂದ್ರೆ ಅದಕ್ಕೂ ಗೊತ್ತಿಲ್ಲ." ಯಾವುದು ಒಳ್ಳೇದು ಅಂತ ಎರಡು ವರ್ಷ ಯೋಚಿಸಿದವರಿಗೆ, ಯಾರನ್ನು ಕೇಳಬೇಕು ಅನ್ನುವುದು ಆವತ್ತು ಹೊಳೆಯಿತು. ಎಳೆಯುವುದು ಗೆರೆಯನ್ನೇ. ಆದರೆ ಊರವರ ಜೊತೆ ಒಂದಾಟ ಆಡದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ, ಒಂದನ್ನೂ ಅಳಿಸುವುದಿಲ್ಲ. ಫೋಟೋ ಸಾಕ್ಷಿಗೆ ಪಕ್ಕದಲ್ಲಿರಲಿ.

ಅದುವರೆಗಿನ ನಲವತ್ತು ಕಲ್ಲುಗಳಿಗೂ ಮತ್ತೆ ಹೋದರು. ಒಂಬತ್ತರಲ್ಲಿ ತಪ್ಪು ಸಿಕ್ಕಿತು. ಒಂದೂರಲ್ಲಿ ಇವರು ಎಳೆದಿದ್ದ ಒಂದು ಗೆರೆ ಆಟದ್ದೇ ಅಲ್ಲವಂತೆ, ಯಾರೋ ಕುಡುಗೋಲು ಮಸೆದ ಗುರುತು. ಅದನ್ನು ಹೇಳುವಾಗ ಸನೋಬರ್ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಕೆಳಗಿನಿಂದ ಹಜರತ್ ಅಲಿ ದನಿ ಸೇರಿಸುತ್ತಾರೆ: "ಊರಿಗೊಂದು ದಾರಿಯಾದ್ರೆ ಪೋರನಿಗೊಂದು ದಾರಿ ಅಂತಾರಲ್ಲಮ್ಮ, ನಮ್ಮನೇಲಿ ಪೋರಿಗೆ." ಮಗಳ ಕೆಲಸ ಅವರಿಗೆ ಪೂರ್ತಿ ಅರ್ಥವಾಗಿಲ್ಲ. ಆದರೆ ಐಮಂಗಲದ ಒಡೆದ ಕಲ್ಲಿನ ಫೋಟೋಗೆ ಕಟ್ಟು ಹಾಕಿ, ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಕಡೆ ತೂಗುಹಾಕಿದ್ದಾರೆ.

ಇತ್ತ ಐಮಂಗಲದಲ್ಲಿ ಕಟ್ಟೆಗೆ ಗ್ರಾನೈಟ್ ಕೂರಿಸುವ ದಿನ ಹತ್ತಿರ ಬಂದಿತ್ತು. ನಯವಾದ ಕಪ್ಪು ಕಲ್ಲು, ಒಂದು ಗೀರಿಲ್ಲ. ಒಮ್ಮೆ ಹಾಸಿಬಿಟ್ಟರೆ ಅದರ ಮೇಲೆ ಆಟ ಕೊರೆಯಲು ಯಾರೂ ಬಿಡುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಸನೋಬರ್ ಮೇಸ್ತ್ರಿಯ ಕಾಲಿಗೆ ಬೀಳುವುದೊಂದು ಬಾಕಿ. ನಡುವಿನ ಒಂದು ಚಪ್ಪಡಿಯನ್ನು ನಾಲ್ಕು ದಿನಕ್ಕೆ ಎರವಲು ಪಡೆದು, ಚಿತ್ರದುರ್ಗಕ್ಕೆ ಆಟೋದಲ್ಲಿ ಸಾಗಿಸಿದರು. ಅಲ್ಲಿ ಮೋಹನ್‌ಕುಮಾರ್ ಎಂಬುವವರ ಹತ್ತಿರ ಕಲ್ಲು ಕೊರೆಯುವ ಯಂತ್ರವಿದೆ, ಅಂಗಡಿ ಹೆಸರು, ಶಂಕುಸ್ಥಾಪನೆ ಕಲ್ಲು ಎಲ್ಲ ಮಾಡುತ್ತಾರೆ. ಫೋಟೋ ಕೊಟ್ಟರೆ ಯಂತ್ರಕ್ಕೆ ತಲೆಬುಡ ತಿಳಿಯುವುದಿಲ್ಲ. ಗೆರೆ ಕೊಟ್ಟರೆ ತಿಳಿಯುತ್ತದೆ. ಆರು ಇಂಚಿನ ಟ್ಯಾಬಿಗೆ ಎಳೆದ ಗೆರೆಗಳನ್ನು ಮೂರಡಿ ಚಪ್ಪಡಿಗೆ ಹಿಗ್ಗಿಸಿ ಕಳಿಸಿದರು, ಕೂದಲೆಳೆಯಷ್ಟೂ ಮಸುಕಾಗಲಿಲ್ಲ.

ಕೊರೆಯುವ ದಿನ ಬೆಳಗ್ಗೆ ಮೋಹನ್‌ಕುಮಾರ್ ಫೋನ್ ಮಾಡಿದರು. "ಮೇಡಂ, ನಿಮ್ಮ ಡಿಸೈನಾಗೆ ಒಂದು ಮಿಸ್ಟೇಕ್ ಐತೆ. ನಡುವೆ ಒಂದು ಸೊಟ್ಟ ಗೆರೆ ಬಂದೈತೆ. ಡಿಲೀಟ್ ಮಾಡ್ಲಾ, ಇಲ್ಲಾಂದ್ರೆ ನೆಟ್ಟಗೆ ಮಾಡ್ಲಾ?" ಸನೋಬರ್ ಆಗ ಒಲೆ ಮುಂದೆ ರೊಟ್ಟಿ ಬೇಯಿಸುತ್ತಿದ್ದರು. "ಅದನ್ನ ಮುಟ್ಟಬ್ಯಾಡ್ರಿ, ನಾನು ಬಂದೆ" ಅಂದವರೇ ಒಲೆ ಆರಿಸಿ, ಹಿಟ್ಟಿನ ಕೈಯಲ್ಲೇ ಸ್ಕೂಟರ್ ಹತ್ತಿದರು. ಯಂತ್ರದ ಪಕ್ಕ ಎರಡು ಗಂಟೆ ನಿಂತು, ಸೀಳು ಪೂರ್ತಿ ಕೊರೆಯುವವರೆಗೂ ಕದಲಲಿಲ್ಲ. ಹೊಸ ಕಲ್ಲಿನ ಮೇಲೆ ಬೇಕಂತಲೇ ಸೀಳು ಕೊರೆಸಿದ ಗಿರಾಕಿಯನ್ನು ತಾನು ನೋಡೇ ಇರಲಿಲ್ಲ ಅಂತ ಮೋಹನ್‌ಕುಮಾರ್ ಈಗಲೂ ಹೇಳಿಕೊಂಡು ತಿರುಗುತ್ತಾರೆ.

ಹೊಳಲ್ಕೆರೆಯಿಂದ ಬಂದ ಮರುದಿನ ನಾನೂ ಸನೋಬರ್ ಜೊತೆ ಐಮಂಗಲಕ್ಕೆ ಹೋದೆ. ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿವೆ, ಕಟ್ಟೆಯ ಮೇಲೆ ಅದರ ಪರಿವೆಯಿಲ್ಲ. ಕಪ್ಪು ಕಲ್ಲಿನ ಮೇಲೆ ಕುರಿಗೆ ಹದಿನಾರು ಹುಣಸೆಬೀಜ, ಹುಲಿಗೆ ಮೂರು ಬೆಣಚುಕಲ್ಲು. "ಲೇ ಉಗ್ರ, ಕೈ ತೆಗಿಯಲೇ" ಅನ್ನುತ್ತ ದೊಡ್ಡತಿಮ್ಮಪ್ಪ ತಮ್ಮ ಹುಲಿಯನ್ನು ಎಡಮೂಲೆಯಿಂದ ಎತ್ತಲಿಲ್ಲ, ಬೆರಳಲ್ಲಿ ಒತ್ತಿ ಹಿಡಿದು ಸೀಳಿನಗುಂಟ ಜಾರಿಸಿಕೊಂಡು ಹೋದರು. ಅದು ಎಲ್ಲಿ ಬಾಗಬೇಕೋ ಅಲ್ಲಿ ಅವರ ಬೆರಳು ತಾನೇ ಬಾಗಿತು. ಅವರು ಕಲ್ಲು ನೋಡುತ್ತಿರಲಿಲ್ಲ, ಉಗ್ರಪ್ಪನ ಮುಖ ನೋಡುತ್ತಿದ್ದರು.

ಹೊಸ ಕಲ್ಲು ಹೆಂಗೈತೆ ತಾತ ಅಂತ ನಾನು ಕೇಳಿದೆ. "ಯಾವ ಹೊಸ ಕಲ್ಲು?" ಅಂದರು. ಗೇಲಿ ಮಾಡಿದರೋ ನಿಜವಾಗಿ ಮರೆತರೋ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದ ಸನೋಬರ್ ದುಪಟ್ಟಾ ಸರಿಮಾಡಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು.

ಮುಂದೇನು ಆಸೆ ಅಂತ ವಾಪಸು ಬರುವಾಗ ಕೇಳಿದೆ. ನಾಲ್ಕು ತಾಲ್ಲೂಕಿನಲ್ಲಿ ಇನ್ನೂ ಇಪ್ಪತ್ತು ಕಲ್ಲಾದರೂ ಇವೆಯಂತೆ, ಅವುಗಳ ಮೇಲೆ ಟೈಲ್ಸ್ ಬೀಳುವ ಮುಂಚೆ ಒಂದೊಂದಾಟ ಆಡಿಬಿಡಬೇಕು. ಆಮೇಲೆ ದೊಡ್ಡತಿಮ್ಮಪ್ಪನ ಎದುರು ಒಂದು ಸಲ, ಒಂದೇ ಸಲ, ಗೆಲ್ಲಬೇಕು. ಅಷ್ಟೇ. ಆ ಕಲ್ಲಿನ ಮೂಲೆಯಲ್ಲಿ ನಿಮ್ಮ ಹೆಸರನ್ನಾದರೂ ಸಣ್ಣಗೆ ಕೊರೆಸಬಹುದಿತ್ತಲ್ಲ ಅಂದೆ.  

"ಬ್ಯಾಡಕ್ಕ" ಅಂದರು, ರಸ್ತೆ ನೋಡುತ್ತಲೇ. "ನೇರ ಗೆರೆ ಎಲ್ಲ ಕಂಪ್ಯೂಟರ್ ಎಳೆದಿದ್ದು. ಸೀಳು ಮಾತ್ರ ಫೋಟೋ ನೋಡ್ಕಂಡು ನಾನೇ ಕೈಯಾಗೆ ಎಳೆದೆ. ಅದರ ಮ್ಯಾಲೆ ತಾತನ ಹುಲಿ ದಿನಾ ಓಡ್ತೈತೆ."